ಅಕ್ಕನ ಬೆನ್ನಿನ ಗಂಟು

ನನ್ನ ಅಕ್ಕ ಲಕ್ಕಮ್ಮ ಮಾತಿಗೆ ನಿಂತರೆ, ಎದುರಿನವರು ಕಣ್ಣು ತಗ್ಗಿಸುವವರೆಗೂ ತಾನು ಕಣ್ಣು ಕದಲಿಸುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ತಮಿಳು ಸೀಮೆಯ ಮಾರ್ಕಯನ್‌ಕೋಟ್ಟೈಯ ಗದ್ದೆಯನ್ನು ಅವಳೇ ಮಾಡಿಸುತ್ತಿದ್ದಳು. ನೀರಿನ ಸರದಿಗೆ ದಾಯಾದಿಗಳು ಅಡ್ಡ ಬಂದರೆ ಗುದ್ದಲಿ ಹಿಡಿದು ಕಾಲುವೆಯೊಳಗೇ ನಿಂತುಬಿಡುತ್ತಿದ್ದಳು.

"ನನ್ನ ದಾಟ್ಕಂಡು ತಿರುಗ್ಸಿ ನೀರ್ನ" ಎನ್ನುತ್ತಿದ್ದಳು. ಯಾರೂ ದಾಟಲಿಲ್ಲ.

ಅಂಥವಳಿಗೆ ಬೆನ್ನಿನಿಂದ ಎಡಪಕ್ಕೆಗೆ ಹಗ್ಗ ಬಿಗಿದಂಥ ನೋವು ಶುರುವಾಯಿತು. ಕೆಮ್ಮಿದರೆ ಪ್ರಾಣ ಹೋದಂತಾಗುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ಎಡಗಾಲು ಎಳೆಯತೊಡಗಿತು. ಒಂದು ದಿನ ಒಲೆಯ ಕೆಂಡ ಬಲಪಾದದ ಮೇಲೆ ಬಿತ್ತು. ಚರ್ಮ ಸುಟ್ಟ ವಾಸನೆ ಬಂದಮೇಲೇ ಅವಳಿಗೆ ಗೊತ್ತಾದದ್ದು.

ಅಮ್ಮನವರ ಮುನಿಸು ಎಂದು ಸೋದರಮಾವ ಕಣಿ ಹೇಳುವವನನ್ನು ಕರೆತಂದ.

"ಅಮ್ಮನಿಗೆ ಕ್ವಾಪ ಇದ್ರೆ ಮುಂದ್ಗಡೆಯಿಂದ ಬರ್ಲಿ ಮಾಮ. ಬೆನ್ನಾಗೆ ಬರೋದ್ಯಾಕೆ?" ಎಂದು ಅಕ್ಕ ನನ್ನ ಕಡೆ ತಿರುಗಿದಳು. "ತಂಬಿ, ಗಾಡಿ ಕಟ್ಟು."

ದಿಂಡಿಗಲ್ಲಿನ ಆಸ್ಪತ್ರೆಗೆ ಮೂರು ದಿನದ ದಾರಿ. ಮಾವನೂ ಹಿಂದೆಯೇ ಬಂದ. ಅಲ್ಲಿನ ಬಿಳಿಯ ದೊರೆ ವೈದ್ಯರು ಸೂಜಿಯಿಂದ ಚುಚ್ಚಿ ಚುಚ್ಚಿ, ಚುಚ್ಚಿದ್ದು ಗೊತ್ತಾಗದ ಕಡೆ ಮಸಿಯಲ್ಲಿ ಗೆರೆ ಎಳೆದರು. ಆಮೇಲೆ ಮುರುಕು ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಎಡಗಾಲಿನ ಬಲವೂ ಬಲಗಾಲಿನ ಬಿಸಿಯ ಅರಿವೂ ಬೆನ್ನುಹುರಿಯ ಎಡ ಮಗ್ಗುಲಲ್ಲೇ ಹಾಯುತ್ತವಂತೆ. ಅಲ್ಲೇ ಏನೋ ಬೆಳೆದು ಒತ್ತುತ್ತಿದೆ. ಬಿಟ್ಟರೆ ಎರಡು ಕಾಲೂ ಹೋಗುತ್ತವೆ, ಕೊಯ್ದರೆ ಜೀವವೇ ಹೋಗಬಹುದು.

"ವಿಲಾಯಿತಿಯಲ್ಲಿ ಇಂಥದ್ದನ್ನು ತೆಗೆದಿದ್ದಾರೆಂದು ಓದಿದ್ದೇನೆ. ನಾನು ಮಾಡಿಲ್ಲ" ಎಂದರು.

"ನಾನೂ ಕುಯ್ಸ್ಕಂಡಿಲ್ಲ. ಇಬ್ರಿಗೂ ಹೊಸದೇ" ಎಂದಳು ಅಕ್ಕ.

ಮಾವ ಅವಳ ಕೈ ಹಿಡಿದ. "ಬ್ಯಾಡ ಲಕ್ಕಿ. ಮಲಗಿದ್ರೂ ಜೀವ ಇರ್ತದೆ. ನಾವು ನೋಡ್ಕತೀವಿ."

"ನನ್ನ ಗದ್ದೇನೂ ನೋಡ್ಕತೀರಿ" ಎಂದಳು. ಮಾವ ಕೈ ಬಿಟ್ಟ.

ಒಳಗೆ ಕರೆದೊಯ್ದು ಕ್ಲೋರೋಫಾರ್ಮ್ ಕೊಟ್ಟರು. ನಾನು ಹೊರಗೆ ಬೇವಿನ ಬುಡದಲ್ಲಿ ಕೂತೆ. ಬಿಸಿಲು ಅಂಗಳ ದಾಟಿದ ಮೇಲೆ ವೈದ್ಯರು ಗಾಜಿನ ಬಟ್ಟಲು ಹಿಡಿದು ಬಂದರು. ಅದರಲ್ಲಿ ಹಲಸಿನ ಬೀಜದಷ್ಟು ದೊಡ್ಡ, ನುಣುಪಾದ ಹಳದಿ ಗಂಟು. ನರವೊಂದರ ಹೊದಿಕೆಯಲ್ಲಿ ಬೆಳೆದು ಹುರಿಯನ್ನು ಅದುಮಿತ್ತಂತೆ. ಅವರ ಅಂಗಿ ಬೆವರಿಗೆ ತೊಯ್ದಿತ್ತು.

ಎಂಟು ದಿನ ಜ್ವರ ಕಾಯಿತು. ಒಂಬತ್ತನೆಯ ದಿನ ಎಡಗಾಲಿನ ಹೆಬ್ಬೆರಳು ಅಲ್ಲಾಡಿತು. ನಾನು ಅತ್ತೆ. ಅಕ್ಕ, "ಬೆರಳಿಗೇ ಅಳ್ತೀಯಾ, ಇನ್ನೂ ಕಾಲೈತೆ" ಎಂದಳು.

ಮೂರು ತಿಂಗಳ ಮೇಲೆ ಊರಿನ ಹೊರಗೇ ಗಾಡಿ ನಿಲ್ಲಿಸಿ, ಕೋಲೂರಿಕೊಂಡು ಮಾವನ ಬಾಗಿಲ ಮುಂದೆಯೇ ನಡೆದು ಮನೆ ಸೇರಿದಳು.

ಆಮೇಲೆ ಒಂಬತ್ತು ವರ್ಷ ಬದುಕಿದಳು. ಬೇರೆ ಊರು ಸೇರಿದ್ದ ನಾನು ಕೊನೆಯ ಸಲ ಅವಳನ್ನು ನೋಡಿ ಹೊರಟಾಗ ಚಿನ್ನಮನೂರಿನ ರಸ್ತೆಯವರೆಗೂ ಜೊತೆಗೆ ಬಂದಳು. ದೂರವಾಯಿತು, ನಿಲ್ಲು ಅಂದೆ.

"ನಿಂಗೆ ಸುಸ್ತಾದ್ರೆ ನೀ ನಿಂತ್ಕ" ಎಂದಳು.

ಆ ಮಳೆಗಾಲದ ಜ್ವರದಲ್ಲಿ ಅವಳು ಹೋದಳು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಯ ದಿನ ಹಾಸಿಗೆಯಿಂದೆದ್ದು ಬಾಗಿಲವರೆಗೆ ತಾನೇ ನಡೆದಳಂತೆ. ಹಿಡಿಯಲು ಬಂದವರನ್ನು ಬೈದಳಂತೆ.