ಬಿಪಿ ಮಿಷನ್ನು ಮತ್ತು ಒಗೆಯದ ಸೀರೆ

ನಮ್ಮ ದೊಡ್ಡವ್ವ ಕಳೆದ ತಿಂಗಳು ಅವಳ ಊರು ಭೀಮನಬೀಡಿಗೇ ಫಸ್ಟ್ ಬಂದಳು. ಬಿಪಿಯಲ್ಲಿ.

ಸುದ್ದಿಯನ್ನು ಅವಳೇ ಫೋನ್ ಮಾಡಿ ತಿಳಿಸಿದಳು. ನಾನು ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿದ್ದೆ.

"ಅಮ್ಮಿ, ನಂಗೆ ನೂರಾ ತೊಂಬತ್ತು ಬಂತು ಕಣಮ್ಮಿ! ಆ ಪಕ್ಕದ್ಮನೆ ರತ್ನಿ ಮೆರೀತಿದ್ಲಲ್ಲ, ಅವ್ಳಿಗೆ ಬರೀ ನೂರಿಪ್ಪತ್ತು."

"ದೊಡ್ಡವ್ವಾ, ಅದು ಜಾಸ್ತಿ ಬರಬಾರದು."

"ಒಟ್ಟೆಕಿಚ್ಚು ಪಡಬ್ಯಾಡ ಬುಡು."

ನಗಬೇಡಿ. ತಪ್ಪು ಅವಳದಲ್ಲ, ಡೈರಿಯದು. ಮದುವೆಯಾಗಿ ಬಂದಾಗಿನಿಂದ ಅವಳು ದಿನಕ್ಕೆರಡು ಸಲ ಹಾಲಿನ ಡೈರಿಗೆ ಕ್ಯಾನು ಹಿಡಿದು ಹೋಗುವವಳು. ಅಲ್ಲಿ ಹಾಲಿನ ಫ್ಯಾಟು ನೋಡುತ್ತಾರೆ, ಡಿಗ್ರಿ ನೋಡುತ್ತಾರೆ, ಚೀಟಿ ಕೊಡುತ್ತಾರೆ. ನಂಬರು ಜಾಸ್ತಿ ಬಂದರೆ ಒಳ್ಳೆಯ ಹಾಲು, ಒಳ್ಳೆಯ ರೇಟು. ಕಮ್ಮಿ ಬಂದರೆ "ಏನಮ್ಮಾ, ನೀರು ಬೆರೆಸಿದ್ಯಾ?" ಅದೇ ಡೈರಿಯ ಜಗಲಿಯ ಮೇಲೆ ಟೇಬಲ್ ಹಾಕಿ, ತೋಳಿಗೆ ಪಟ್ಟಿ ಸುತ್ತಿ, ನಂಬರು ಬರೆದ ಚೀಟಿ ಕೊಟ್ಟರೆ ಆಕೆ ಏನಂತ ತಿಳಿಯಬೇಕು?

ಟೇಬಲ್ ಹಾಕಿದ್ದು ಊರಿನ ಹೆಂಗಸರ ಸಂಘ. ಯಾವುದೋ ಟ್ರಸ್ಟಿನವರು ಆರೋಗ್ಯಕ್ಕೆ ಅಂತ ಒಂದು ಸಣ್ಣ ಗ್ರಾಂಟು ಕೊಟ್ಟಿದ್ದರು. ಅದರಲ್ಲಿ ಬಂದದ್ದು ಒಂದು ಬಿಪಿ ಮಿಷನ್ನು, ಒಂದು ಟೇಬಲ್ಲು, ಎರಡು ಕುರ್ಚಿ, ಗುಂಡ್ಲುಪೇಟೆ ಆಸ್ಪತ್ರೆಗೆ ಹೋಗಬೇಕಾದವರ ಆಟೊ ಬಾಡಿಗೆ. ಮಿಷನ್ ಬಳಸುವುದನ್ನು ಊರಿನ ಆಶಾ ಕಾರ್ಯಕರ್ತೆ ಕಲಿಸಿಕೊಟ್ಟಿದ್ದರು. ಡೈರಿಯೇ ಯಾಕೆ ಅಂತ ಸಂಘದ ಅಧ್ಯಕ್ಷೆ ನಾಗಮಣಿಯಕ್ಕನನ್ನು ಕೇಳಿದ್ದೆ. "ಹಾಲಿಗೆ ದಿನಾ ಎರಡ್ ಸಲ ಟೆಸ್ಟು. ತಂದೋಳಿಗೆ ಜಲ್ಮದಲ್ಲಿ ಒಂದ್ ಸಲಾನಾದ್ರೂ ಬ್ಯಾಡ್ವಾ?" ಅಂದಿದ್ದರು.

ನಾನು ನಕ್ಕಿದ್ದೆ. ಕಾರಣ ಇದೆ. ಕಾಲೇಜಿನಲ್ಲಿ ನಾನು ಗೆದ್ದ ಡಿಬೇಟಿನ ವಿಷಯವೇ ಇದು. "ಸಣ್ಣ ಅನುದಾನಗಳಿಂದ ಜನರ ಆರೋಗ್ಯ ಸುಧಾರಿಸದು" ಅಂತ ಏಳು ನಿಮಿಷ ವಾದಿಸಿದ್ದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತ ಮುಗಿಸಿದಾಗ ಚಪ್ಪಾಳೆಯೂ ಬಿದ್ದಿತ್ತು. (ಆ ಟ್ರೋಫಿಯಲ್ಲಿ ಈಗ ಅಮ್ಮ ಸೇಫ್ಟಿ ಪಿನ್ ಹಾಕಿಡುತ್ತಾಳೆ.)

ದೊಡ್ಡವ್ವ ಚೀಟಿ ಹಿಡಿದು ಹೊರಟದ್ದನ್ನು ನೋಡಿ ನಾಗಮಣಿಯಕ್ಕ ಸಂಜೆ ಮನೆಗೇ ಹೋದರು. ಕೂರಿಸಿ, ಸುಧಾರಿಸಿಕೊಳ್ಳಲು ಬಿಟ್ಟು, ಎರಡು ಸಲ ನೋಡಿದರು. ಫಸ್ಟ್ ರ‍್ಯಾಂಕು ಕದಲಲಿಲ್ಲ. ವಿಚಾರಿಸಿದರೆ ಮೂರು ತಿಂಗಳಿಂದ ತಲೆನೋವಂತೆ. ಔಷಧಿ? ತಲೆಗೆ ಬಿಗಿಯಾಗಿ ಕಟ್ಟಿದ ಟವೆಲ್ಲು.

ಆ ಟವೆಲ್ಲಿನ ವಿಷಯ ಕೇಳಿದ ಮೇಲೆ ನನ್ನ ನಗು ನಿಂತಿತು. ನಮ್ಮಜ್ಜಿ, ಅಂದರೆ ದೊಡ್ಡವ್ವನ ತಾಯಿ, ಇದೇ ಔಷಧಿ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಬಲಗೈ ಮೇಲೇಳಲಿಲ್ಲ. ಆಮೇಲೆ ಮಾತೂ ಬರಲಿಲ್ಲ.

ಮಾರನೇ ದಿನ ಸಂಘದ ಆಟೊದಲ್ಲಿ ದೊಡ್ಡವ್ವ ಗುಂಡ್ಲುಪೇಟೆಗೆ ಹೋದಳು. ಎರಡು ದಿನ ಅಡ್ಮಿಟ್ ಆಗಿ ಅಂದರು ಡಾಕ್ಟರು. ಅದೇ ಆಟೊದಲ್ಲಿ ವಾಪಸ್ ಬಂದಳು.

ಭಾನುವಾರ ನಾನು ಹೋದೆ, ವಾದಿಸಲು. ಮೂರು ಪಾಯಿಂಟು ತಯಾರು ಮಾಡಿಕೊಂಡಿದ್ದೆ. ಆಸ್ಪತ್ರೆ ಇದೆ. ಡಾಕ್ಟರಿದ್ದಾರೆ. ಮಾತ್ರೆ ಫ್ರೀ.

ದೊಡ್ಡವ್ವ ಪೂರ್ತಿ ಕೇಳಿಸಿಕೊಂಡಳು. "ಅಸ ಯಾರ್ ಕರೀತಾರೆ, ನೀನಾ?"

ಹಸುವಿನ ಹೆಸರು ಗೌರಿ. ಕರು ಹಾಕಿ ತಿಂಗಳಾಗಿದೆ. ದೊಡ್ಡವ್ವನ ಕೈ ಬಿಟ್ಟು ಇನ್ನೊಂದು ಕೈಗೆ ಹಾಲು ಬಿಡುವುದಿಲ್ಲ. ಬದನಗುಪ್ಪೆಯ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗುವ ಮಗ ಒಮ್ಮೆ ಪ್ರಯತ್ನಿಸಿದ್ದ. ಅದರ ಗುರುತು ಅವನ ಮೊಣಕಾಲಿನ ಮೇಲಿದೆ.

"ಎರಡು ದಿನ ಕರೀದಿದ್ರೆ ಏನಾಗುತ್ತೆ ದೊಡ್ಡವ್ವಾ?"

"ಕೆಚ್ಲು ಬಾತ್ಕಂಡು ಸಾಯ್ತಳೆ. ಓದಿರೋಳು, ಅಷ್ಟೂ ಗೊತ್ತಿಲ್ವಾ?"

ನಾನು ನಾಲ್ಕನೇ ಪಾಯಿಂಟು ಹುಡುಕತೊಡಗಿದೆ.

ಅಷ್ಟರಲ್ಲಿ ನಾಗಮಣಿಯಕ್ಕ ಬಂದರು. ಭಾಷಣ ಮಾಡಲಿಲ್ಲ. "ಅತ್ತೆ, ಈಗ ಉಟ್ಟಿರೋ ಸೀರೆ ಬಿಚ್ಕೊಡಿ. ಒಗೀಬ್ಯಾಡಿ. ಆಮೇಲೆ ಆಟೊ ಅತ್ತಿ."

ದೊಡ್ಡವ್ವ ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದಳು. ಬಿಚ್ಚಿದ ಸೀರೆ ಕೊಡುತ್ತಾ, "ಮಗ್ಳೇ ಅಂತ ಕರೀಬೇಕು ಅವಳ್ನ. ಗೌರಿ ಅಂದ್ರೆ ಒದೀತಳೆ," ಅಂದಳು. ಅಷ್ಟೇ. ಆಟೊ ಹತ್ತಿದಳು.

ಸಂಜೆ ನಾಗಮಣಿಯಕ್ಕ ದೊಡ್ಡವ್ವನ ಸೀರೆ ಉಟ್ಟು, ಸೆರಗು ತಲೆಗೆ ಹೊದ್ದು, ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತರು. "ಬಾ ಮಗ್ಳೇ" ಅಂದರು, ಥೇಟ್ ದೊಡ್ಡವ್ವನ ಧ್ವನಿಯಲ್ಲಿ. ಗೌರಿ ಸೀರೆ ಮೂಸಿತು. ತಿರುಗಿ ಮುಖ ನೋಡಿತು. ನನ್ನ ಪ್ರಕಾರ ಅದಕ್ಕೆ ಗೊತ್ತಾಯಿತು. ಆದರೂ ಹಾಲು ಬಿಟ್ಟಿತು. (ದೊಡ್ಡವ್ವನಿಗಿಂತ ಅದು ಸುಲಭಕ್ಕೆ ಒಪ್ಪಿತು ಅನ್ನುವುದನ್ನು ದಾಖಲಿಸುತ್ತೇನೆ.)

ಎರಡು ದಿನ, ನಾಲ್ಕು ಹೊತ್ತು, ಅದೇ ಸೀರೆ.

ಹಾಗಂತ ನಾನು ಪಕ್ಷ ಬದಲಿಸಿದೆ ಅಂದುಕೊಳ್ಳಬೇಡಿ. (ಡಿಬೇಟಿನ ಮಧ್ಯೆ ಪಕ್ಷ ಬದಲಿಸಿದರೆ ಡಿಸ್‌ಕ್ವಾಲಿಫೈ ಮಾಡುತ್ತಾರೆ.) ಆಸ್ಪತ್ರೆ ನಡೆಸಬೇಕಾದವರು ಇಂಥ ಟೇಬಲ್ಲು ತೋರಿಸಿ ಕೈ ತೊಳೆದುಕೊಳ್ಳಬಾರದು ಅಂತ ಈಗಲೂ ವಾದಿಸುತ್ತೇನೆ. ಆದರೆ ದೊಡ್ಡವ್ವನ ಕೇಸಿನಲ್ಲಿ ಆಸ್ಪತ್ರೆ ಇತ್ತು, ಡಾಕ್ಟರಿದ್ದರು, ಮಾತ್ರೆಯೂ ಇತ್ತು. ನಡುವೆ ಒಂದು ಹಸು ನಿಂತಿತ್ತು. ಅದು ಯಾವ ದೊಡ್ಡ ಯೋಜನೆಯ ಕಣ್ಣಿಗೆ ಬೀಳುತ್ತಿತ್ತು? ಏಳು ನಿಮಿಷದ ನನ್ನ ವಾದದಲ್ಲಂತೂ ಬಿದ್ದಿರಲಿಲ್ಲ.

ದೊಡ್ಡವ್ವ ಈಗ ದಿನಾ ಮಾತ್ರೆ ನುಂಗುತ್ತಾಳೆ. ಟವೆಲ್ಲು ಹಗ್ಗದ ಮೇಲಿದೆ. ಮೊನ್ನೆ ಡೈರಿಯಲ್ಲಿ ನೋಡಿಸಿದಾಗ ನೂರಾ ಮೂವತ್ತೆಂಟು. "ಕಮ್ಮಿ ಬಂತು ಕಣಮ್ಮಿ," ಅಂದಳು ಫೋನಿನಲ್ಲಿ, ಫೇಲಾದವಳ ಹಾಗೆ. ಟೇಬಲ್ಲಿನ ಮೇಲೀಗ ಒಂದು ರಟ್ಟು ನೇತುಹಾಕಿದ್ದಾರೆ: "ಇಲ್ಲಿ ಕಮ್ಮಿ ಬಂದರೇ ಒಳ್ಳೆಯದು." (ತೀರಾ ಕಮ್ಮಿಯೂ ಒಳ್ಳೆಯದಲ್ಲ. ರಟ್ಟಿನಲ್ಲಿ ಅಷ್ಟೇ ಜಾಗ ಇತ್ತು.)

ಕಳೆದ ಭಾನುವಾರ ಟ್ರಸ್ಟಿನ ವರದಿ ಫಾರಂ ತುಂಬಿಕೊಡಲು ನಾಗಮಣಿಯಕ್ಕ ಕರೆದರು. ಎಷ್ಟು ಶಿಬಿರ, ಎಷ್ಟು ಫೋಟೊ, ಬ್ಯಾನರ್ ಇತ್ತೇ, ಅತಿಥಿಗಳು ಯಾರು. ಕೊನೆಯಲ್ಲಿ, ಬಳಸಿದ ಸಾಮಗ್ರಿ. ಮಿಷನ್ನು ಒಂದು, ಟೇಬಲ್ಲು ಒಂದು, ಕುರ್ಚಿ ಎರಡು ಅಂತ ಬರೆದೆ.

"ಸೀರೆ ಬರೀರಿ," ಅಂದರು ನಾಗಮಣಿಯಕ್ಕ.

ಬರೆದೆ. ಸೀರೆ ಒಂದು, ಹಳೆಯದು, ಒಗೆಯದ್ದು.

ನಿನ್ನೆ ಟ್ರಸ್ಟಿನಿಂದ ಫೋನು. ಉಳಿದದ್ದೆಲ್ಲ ಸರಿಯಿದೆ, ಸೀರೆಯೊಂದನ್ನು ತೆಗೆದುಬಿಡಿ, ಅದು ಆರೋಗ್ಯದ ಬಾಬತ್ತಿಗೆ ಸೇರುವುದಿಲ್ಲವಂತೆ.

ತೆಗೆಯೋಣ. ಅದಕ್ಕೆ ಮೊದಲು ಅವರೊಮ್ಮೆ ತಮ್ಮ ಇಸ್ತ್ರಿ ಬಟ್ಟೆಯಲ್ಲೇ ಬಂದು ಗೌರಿಯ ಹಾಲು ಕರೆದು ತೋರಿಸಬಾರದೇ?