ಕಣ್ಣಿನ ವೈದ್ಯರು ಗೊರಕೆಯ ವಿಷಯ ಕೇಳಿದಾಗ

೨೦೦೭ನೆಯ ಇಸವಿಯಲ್ಲಿ ನನಗಾದ ಅನುಭವವೊಂದನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ. ಬರೆದು ರೂಢಿಯಿಲ್ಲದ ಕಾರಣ ತಪ್ಪಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಆಗ ನನಗೆ ಐವತ್ತೊಂದು ವರ್ಷ. ವಿರೂಪಾಕ್ಷಿಪುರದ ಸಮೀಪದ ನಮ್ಮ ಊರಿನಿಂದ ಬಿಡದಿಯ ಹೊಸ ಕಾರ್ಖಾನೆಯೊಂದಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ತಯಾರಾದ ಬಿಡಿಭಾಗಗಳ ಮೇಲೆ ಗೀರು ಇದೆಯೇ ಎಂದು ಪರಿಶೀಲಿಸುವುದು ನನ್ನ ಕೆಲಸ. ಕಣ್ಣಿದ್ದರೆ ಮಾತ್ರ ಅನ್ನ.

ಒಂದು ಬೆಳಿಗ್ಗೆ ಎದ್ದಾಗ ಬಲಗಣ್ಣಿನ ನೋಟದ ಕೆಳಭಾಗಕ್ಕೆ ಮಸುಕು ಕವಿದಿತ್ತು. ನೋವು ಲೇಶವೂ ಇರಲಿಲ್ಲ. ಎಡಗಣ್ಣು ಮುಚ್ಚಿಕೊಂಡು ಪತ್ನಿ ಗೌರಮ್ಮನ ಮುಖ ನೋಡಿದೆ.

"ಗೌರಾ, ನಿನ್ ಮೂಗಿನ ಗಂಟ ಕಾಣ್ತೈತೆ, ಬಾಯಿ ಕಾಣಾಕಿಲ್ಲ" ಎಂದೆ.

"ಬಾಯಿ ಕಾಣ್ದಿದ್ರೇನು, ಮಾತು ಕೇಳ್ತೈತಲ್ಲ? ನಡೀರಿ ಆಸ್ಪತ್ರೆಗೆ!"

ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಸಮಯವಾದ್ದರಿಂದ ಆಕೆ ಬರುವಂತಿರಲಿಲ್ಲ. ಸಹೋದ್ಯೋಗಿ ನಂಜೇಗೌಡ ರಜೆ ಹಾಕಿ ರಾಮನಗರಕ್ಕೆ ಕರೆದೊಯ್ದ.

ವೈದ್ಯೆಯವರು ಕಣ್ಣಿಗೆ ಹನಿ ಬಿಟ್ಟು ಪರೀಕ್ಷಿಸಿ, ದೃಷ್ಟಿನರ ಊದಿಕೊಂಡಿದೆ ಎಂದರು. ಬಿ.ಪಿ., ಸಕ್ಕರೆ ವಿಚಾರಿಸಿದ ಮೇಲೆ, "ಗೊರಕೆ ಹೊಡೆಯುತ್ತೀರಾ?" ಎಂದು ಕೇಳಿದರು.

"ಇಲ್ಲ ಮೇಡಂ" ಎಂದು ಪ್ರಾಮಾಣಿಕವಾಗಿಯೇ ಉತ್ತರಿಸಿದೆ. ಹುಳುವಿಗೆ ಸೊಪ್ಪು ಹಾಕಲು ಪದೇ ಪದೇ ಏಳಬೇಕಾಗಿ ಗೌರಮ್ಮ ಹುಳುಮನೆಯಲ್ಲೇ ಮಲಗುತ್ತಿದ್ದಳು, ಹೇಳುವವರು ಯಾರಿದ್ದರು?

"ಸುಳ್ಳು ಯೋಳ್ತಾವ್ನೆ ಮೇಡಮ್ಮೋರೆ!" ಎಂದ ನಂಜೇಗೌಡ. "ಬಸ್ಸಲ್ಲಿ ಇವನ್ ಗೊರಕೆ ಇಂಜಿನ್‌ಗಿಂತ ಜೋರು. ಮಧ್ಯ ಮಧ್ಯ ಆಫಾಗ್ಬುಡ್ತದೆ. ಆಗ ನಾವು ಕೊಡೆ ತುದೀಲಿ ತಿವಿದು ಸ್ಟಾರ್ಟ್ ಮಾಡ್ತೀವಿ!"

ಸರದಿಯಲ್ಲಿದ್ದ ರೋಗಿಗಳೆಲ್ಲ ನಕ್ಕರು. ನನಗೆ ಎದ್ದು ಹೋಗುವಷ್ಟು ನಾಚಿಕೆಯಾಯಿತು. ವೈದ್ಯೆಯವರು ಮಾತ್ರ ನಗಲಿಲ್ಲ.

"ಆಫ್ ಆದಾಗ ಉಸಿರಾಡುತ್ತಾರಾ?"

ನಂಜೇಗೌಡನ ಮುಖ ಸಣ್ಣದಾಯಿತು. "ಇಲ್ಲ ಮೇಡಂ. ಒಸಿ ಹೊತ್ತಾದ್ಮೇಲೆ ಗೊರ್ ಅಂತ ಎದ್ದು ಕೂತ್ಕತಾನೆ. ನಾವ್ ತಮಾಸೆ ಅಂದ್ಕಂಡಿದ್ವಿ."

"ನಿದ್ರೆಯಲ್ಲಿ ಹೀಗೆ ಉಸಿರು ನಿಲ್ಲುವವರಿಗೆ ಈ ನರದ ಕಾಯಿಲೆ ಬರುವ ಸಂಭವ ಹೆಚ್ಚು. ಇದೊಂದೇ ಕಾರಣ ಎನ್ನಲಾರೆ. ಹೋದ ದೃಷ್ಟಿ ಪೂರ್ತಿ ಮರಳುವ ಭರವಸೆಯೂ ಇಲ್ಲ. ಆದರೆ ಎಡಗಣ್ಣಿಗೂ ಹೀಗಾಗಬಹುದು, ಅದನ್ನು ಕಾಪಾಡಬೇಕು" ಎಂದರು.

ಬೆಂಗಳೂರಿನಲ್ಲಿ ನಿದ್ರೆಯ ಪರೀಕ್ಷೆ ನಡೆದು, ಉಸಿರು ನಿಲ್ಲುವುದು ಖಚಿತವಾಯಿತು. ಮೂಗಿಗೆ ಮುಖವಾಡ ಕಟ್ಟಿ ಉದ್ದನೆಯ ಕೊಳವೆಯಿಂದ ಗಾಳಿ ಒತ್ತುವ ಯಂತ್ರ ಕೊಟ್ಟರು. ಗೌರಮ್ಮ ಅದನ್ನು ಕಂಡು, "ಸೊಂಡ್ಲು ಒಂದು ಕಮ್ಮಿಯಾಗಿತ್ತು ನೋಡಿ!" ಎಂದಳು. ವಾರದೊಳಗೆ ಹಗಲಿನ ತೂಕಡಿಕೆ ಬಿಟ್ಟುಹೋಯಿತು.

ಬಲಗಣ್ಣಿನ ಮಸುಕು ಇಂದಿಗೂ ಇದೆ. ಎಡಗಣ್ಣು ಚೆನ್ನಾಗಿದ್ದು, ನಿವೃತ್ತಿಯವರೆಗೆ ಕೆಲಸ ಮಾಡಿದೆ. ನಾಲ್ಕು ಜನರ ಮುಂದೆ ಮಾನ ತೆಗೆದ ನಂಜೇಗೌಡನಿಗೆ ಚಿರಋಣಿಯಾಗಿರುತ್ತೇನೆ. ಪ್ರಯಾಣದಲ್ಲಿ ಪಕ್ಕದವರ ಗೊರಕೆ ಥಟ್ಟನೆ ನಿಂತರೆ ಈಗ ನನಗೆ ನಗು ಬರುವುದಿಲ್ಲ; ಅವರ ಮುಂದಿನ ಉಸಿರು ಕೇಳುವವರೆಗೆ ನಾನೂ ಉಸಿರು ಹಿಡಿದೇ ಕಾಯುತ್ತೇನೆ.