ಅಕ್ಕೋರ ಮನೆಯ ಪಾಸ್‌ವರ್ಡ್

ಮೊನ್ನೆ ಅಟ್ಟದ ಮೇಲಿದ್ದ ಹಳೆಯ ಲ್ಯಾಪ್‌ಟಾಪ್ ಇಳಿಸಿ ಚಾಲೂ ಮಾಡಿದೆ. ಒಳಗಿನ ಧೂಳು ಕಾದು ಕಮಟು ವಾಸನೆ ಬಂತು. ಅದು ಮೂಗಿಗೆ ಬಡಿದದ್ದೇ ತಡ, ಬಾಜೂ ಮನೆಯ ಅಕ್ಕೋರು ನೆನಪಾದರು. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ.

ಅಕ್ಕೋರು ಲಕ್ಷ್ಮೇಶ್ವರದ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ನಿವೃತ್ತಿ ಬರೀ ಹೆಸರಿಗೆ. ಸಂಜೆಯಾದರೆ ಓಣಿಯ ಮಕ್ಕಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಟ್ಯೂಷನ್ ಹೇಳುತ್ತಿದ್ದರು. “ಮನಿ ಅಲ್ಲಲೇ, ಮನೆ! ಶಾಲಿ ಅಲ್ಲ, ಶಾಲೆ!” ಎಂಬ ಅವರ ಕೂಗು ಗೋಡೆ ದಾಟಿ ನನ್ನ ಅಡುಗೆಮನೆಗೆ ಬರುತ್ತಿತ್ತು. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಆಗ ನಾನು ಕೆಲಸ ಹುಡುಕಿ ಸುಸ್ತಾಗಿದ್ದೆ. ಶಿರಹಟ್ಟಿಗೆ ಹೋಗಲಿ, ಮುಂಡರಗಿಗೆ ಹೋಗಲಿ, ಎಲ್ಲರದೂ “ನೋಡೋಣು” ಎಂಬ ಒಂದೇ ಮಾತು. ಕೊನೆಗೆ ಗದಗಿನ ಪ್ರಕಾಶಕರೊಬ್ಬರು ಕರಡು ತಿದ್ದಲು ಒಂದು ಪುಸ್ತಕ ಕಳಿಸಿದರು. ಹೇಳಿದ ದಿನ ಸಂಜೆ ಐದರೊಳಗೆ ತಿದ್ದಿ ಕೊಟ್ಟರೆ ಕೆಲಸ ನಿಮ್ಮದು, ಇಲ್ಲವಾದರೆ ಬೇರೆಯವರಿದ್ದಾರೆ ಅಂದಿದ್ದರು. ಆ ದಿನ ಮಧ್ಯಾಹ್ನ ತಿದ್ದಿ ಮುಗಿಸಿದೆ. ಅಷ್ಟರಲ್ಲಿ ಲ್ಯಾಪ್‌ಟಾಪ್ ತಾನಾಗಿ ಅಪ್‌ಡೇಟ್‌ಗೆ ಇಳಿಯಿತು, ಫೋನಿನ ನೆಟ್ ನಡುವೆ ಕೈಕೊಟ್ಟಿತು, ನನ್ನ ಫೈಲ್ ಒಳಗೇ ಸಿಕ್ಕಿಹಾಕಿಕೊಂಡಿತು.

ಉಳಿದದ್ದು ಕಪ್ಪು ಪರದೆ, ಬಿಳಿ ಅಕ್ಷರ, ಮಿಣುಕುವ ಒಂದು ಗೆರೆ. ಮೌಸಿನ ಬಾಣವೂ ಇಲ್ಲ. ಏನು ಬೇಕಾದರೂ ಆದೇಶವನ್ನು ಅಕ್ಷರ ತಪ್ಪದೆ ಟೈಪ್ ಮಾಡಿಯೇ ಕೇಳಬೇಕು. ಗದಗಿನ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತದ್ದು ಅರ್ಧಂಬರ್ಧ ನೆನಪಿತ್ತು. ಹೇಗಾದರೂ ನೆಟ್ ಸಿಕ್ಕರೆ ಅಪ್‌ಡೇಟ್ ಮುಗಿದು ಎಲ್ಲ ಸರಿಹೋಗುತ್ತದೆ ಅನ್ನುವಷ್ಟು ಗೊತ್ತಿತ್ತು. ಫೋನಿಗೆ ಮಾತ್ರ ಸಿಗ್ನಲ್ಲೇ ಇಲ್ಲ.

ಅಕ್ಕೋರು ಆಗಷ್ಟೇ ಮನೆಗೆ ವೈಫೈ ಹಾಕಿಸಿದ್ದರು. ಗೋಡೆಯ ಮೇಲಿಂದ ಪಾಸ್‌ವರ್ಡ್ ಕೇಳಿದೆ.

“ಅದಕ್ಯಾಕ ಇಷ್ಟ ಗಾಬರಿ ತಂಗಿ? ‘ನಮ್ಮ ಮನಿ’. ಎಲ್ಲಾ ಸಣ್ಣ ಇಂಗ್ಲಿಷ್ ಅಕ್ಷರ, ಕೂಡಿಸಿ ಬರಿ,” ಅಂದರು.

ಬರೆದೆ. ಆ ಪರದೆಯ ಮೇಲೆ ಪಾಸ್‌ವರ್ಡಿನ ಅಕ್ಷರ ಕಾಣುವುದೇ ಇಲ್ಲ, ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಆಗಲಿಲ್ಲ. ಮತ್ತೆ ಬರೆದೆ, ಆಗಲಿಲ್ಲ. ಎದ್ದೆ, ನೀರು ಕುಡಿದೆನೋ ಇಲ್ಲವೋ... ಗಡಿಯಾರ ನೋಡಿದೆ, ಕೂತೆ, ಮತ್ತೆ ಎದ್ದೆ. ಲ್ಯಾಪ್‌ಟಾಪಿಗೆ ಬಾಯಿಗೆ ಬಂದಂತೆ ಬೈದೆ. ಆ ಬೈಗುಳ ಕೇಳಿಯೇ ಇರಬೇಕು, ಅಕ್ಕೋರು ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದರು.

“ಹೆಂಗ ಬರದಿ? ಒಂದೊಂದ ಅಕ್ಷರ ಹೇಳು.”

ಹೇಳಿದೆ. ಕೊನೆಗೆ ‘ಈ’ ಅಂದಾಗ ತಡೆದರು.

“ಈ ಎಲ್ಲಿಂದ ಬಂತು? ಐ ಅದು, ಐ. ಮನಿ ಅಂದ್ನೆಲ್ಲ ನಾ!”

“ನೀವು ಮನೆ ಅಂತ ಬರೀತೀರಿ ಅನ್ಕೊಂಡೆ ಅಕ್ಕೋರ. ದಿನಾ ಹುಡುಗ್ರಿಗೆ ಅದನ್ನ...”

“ಶಾಲ್ಯಾಗ ಮನೆ ತಂಗಿ, ಮನ್ಯಾಗ ಮನಿ,” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ನನಗೆ ನಗು ಬರಲಿಲ್ಲ, ಅಳು ಬಂತು. ಅವರು ಹೇಳಿದ್ದೂ ಮನಿ, ನಾನು ಕೇಳಿದ್ದೂ ಮನಿ. ವಾರವೆಲ್ಲ ಕರಡು ತಿದ್ದಿದ ಕೈ ಅದನ್ನೂ ತಿದ್ದಿಬಿಟ್ಟಿತ್ತು. ಐ ಒತ್ತಿದೆ, ನೆಟ್ ಹತ್ತಿತು, ಬಿಳಿ ಸಾಲುಗಳು ಸರಸರ ಓಡಿದವು. ಅಕ್ಕೋರು ಹೋಗಲಿಲ್ಲ. ಒಲೆಯ ಮೇಲೆ ಹಂಚು ಕಾಯುತ್ತಿದೆ ಅನ್ನುತ್ತಲೇ ಬಾಗಿಲಲ್ಲಿ ನಿಂತಿದ್ದರು. ಐದಕ್ಕೆ ತುಸು ಮುಂಚೆ ಫೈಲ್ ಹೋಯಿತು. “ಆತಲ್ಲ? ಇನ್ನ ರೊಟ್ಟಿ ತಿನ್ನಾಕ ಬಾ,” ಅಂದು ಹೊರಟರು. ಇವತ್ತಿಗೂ ನಾನು ಉಣ್ಣುತ್ತಿರುವುದು ಆ ಕೆಲಸದ ಅನ್ನವನ್ನೇ.

ಅಕ್ಕೋರು ತೀರಿಕೊಂಡು ಎರಡು ಮಳೆಗಾಲ ಕಳೆದವು. ಆ ಮನೆಗೆ ಬೇರೆಯವರು ಬಂದಿದ್ದಾರೆ, ಒಳ್ಳೆಯವರೇ. ಸಂಜೆ ಆ ಕಡೆಯಿಂದ ಸದ್ದಿಲ್ಲ. ನನಗೆ ಆ ಮೌನವನ್ನು ಸಹಿಸಲಾಗುವುದಿಲ್ಲ.

ಮೊನ್ನೆ ಚಾಲೂ ಆದ ಕೂಡಲೇ ಲ್ಯಾಪ್‌ಟಾಪ್ ತಾನಾಗಿ ಅಕ್ಕೋರ ವೈಫೈ ಹುಡುಕತೊಡಗಿತು. ಸಿಗಲಿಲ್ಲ ಎಂದು ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆಯಿತು. ಮತ್ತೆ ಹುಡುಕಿತು, ಮತ್ತೆ ಅದೇ ಸಾಲು... ಆ ವೈಫೈಯನ್ನು ಮರೆತುಬಿಡು ಎಂದು ಲ್ಯಾಪ್‌ಟಾಪಿಗೆ ಹೇಳುವ ಆದೇಶ ನನಗೆ ಗೊತ್ತು. ಬೆರಳು ಕೀಲಿಗಳ ಮೇಲಿಟ್ಟೆ, ಒತ್ತಲಾಗಲಿಲ್ಲ. ಬ್ಯಾಟರಿ ಮುಗಿಯುವವರೆಗೆ ಹುಡುಕಲಿ ಎಂದು ಹಾಗೆಯೇ ಬಿಟ್ಟೆ.